ಅವ್ವ ಕುಡಿದ ನೀರು

ದೆವ್ವ ಗಿವ್ವ ಎಂದು ಯಾರಾದರೂ ಮಾತು ತೆಗೆದರೆ ನಗುತ್ತಿದ್ದವನು ನಾನು. ಸತ್ತವರು ಬರುವಂತಿದ್ದರೆ ನಮ್ಮಪ್ಪ ಎಂದೋ ಬಂದು, ನಾನು ಅಂಗಡಿ ನಡೆಸುವ ಚೆಂದ ನೋಡಿ ಬೈದು ಹೋಗುತ್ತಿದ್ದರು ಎಂದು ಚೇಷ್ಟೆ ಮಾಡುತ್ತಿದ್ದೆ. ಈಗ ಆ ಚೇಷ್ಟೆ ಬಾಯಿಗೆ ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮ್ಮದು.

ನಮ್ಮೂರು ಕೊಣ್ಣೂರಿನಲ್ಲಿ ಮೊಬೈಲು ಒಬ್ಬಿಬ್ಬರ ಕೈಯಲ್ಲಷ್ಟೇ ಇದ್ದ ಕಾಲ. ಅವ್ವನಿಗೆ ಅನ್ನನಾಳದ ಕ್ಯಾನ್ಸರ್ ಆಗಿತ್ತು. ಬೆಳಗಾವಿಯಲ್ಲಿ ಮೊದಲು ಕೊಟ್ಟ ಕಿಮೋ ಚಲೋ ಹಿಡಿಯಿತು, ಗಂಜಿ ಇಳಿಯತೊಡಗಿತು. ಆಮೇಲೆ ಅದೇ ಔಷಧ ಹೋಗುತ್ತಿದ್ದರೂ ಅನ್ನನಾಳ ಮತ್ತೆ ಕಟ್ಟಿತು. ಒಂದು ಚಮಚ ನೀರು ಹಾಕಿದರೂ ಹೊರಗೆ ಬರುತ್ತಿತ್ತು. ಹತ್ತಿರದ ಘಟಪ್ರಭೆಯ ಆಸ್ಪತ್ರೆಗೆ ಕರೆದೊಯ್ದು ಸಲೈನ್ ಹಚ್ಚಿಸಿಕೊಂಡು ಬರುತ್ತಿದ್ದೆ. ಗಡ್ಡೆ ಈ ಔಷಧಕ್ಕೆ ಜಗ್ಗುತ್ತಿಲ್ಲ, ಬೇರೆಯದಕ್ಕೆ ಬದಲಿಸಬೇಕು, ಅದು ಹಿಡಿದರೂ ಹಿಡಿಯಬಹುದು, ಇದ್ದ ಶಕ್ತಿಯನ್ನೂ ತೆಗೆಯಬಹುದು, ಸೋಮವಾರ ಬಂದು ಹೇಳಿ ಎಂದರು ಬೆಳಗಾವಿಯ ಡಾಕ್ಟರು. ಅವ್ವನನ್ನು ಕೇಳಿದರೆ, ನೀ ಹೆಂಗಂತಿ ಹಂಗ ಎಂದಳು. ನಾನೊಬ್ಬನೇ ಮಗ. ಸಾಕು, ಇನ್ನು ಅವಳ ಜೀವ ಹಿಂಡುವುದು ಬೇಡ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಭಾನುವಾರದ ಇಳಿಹೊತ್ತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಅವ್ವ ಹನಿ ನೀರನ್ನೂ ಮುಟ್ಟಿದವಳಲ್ಲ. ಅದಕ್ಕೇ ಬೆಳಕಿರುವಾಗಲೇ ಸೋಸಿದ ನೀರಿನ ತಂಬಿಗೆಯನ್ನು ಅವಳ ಮಗ್ಗುಲಲ್ಲಿಟ್ಟು, ಚಮಚದಿಂದ ತುಟಿ ಒದ್ದೆ ಮಾಡುತ್ತಿದ್ದೆ. ಅಂದು ಚಮಚ ತರಲು ಅಡುಗೆಮನೆಗೆ ಹೋದಾಗ ಕೋಣೆಯಿಂದ ಗಟಗಟ ಸದ್ದು ಕೇಳಿತು, ಹೊಲದಿಂದ ಬಂದವರು ತಂಬಿಗೆ ಎತ್ತಿ ಕುಡಿಯುವ ಹಾಗೆ. ಓಡಿ ಬಂದರೆ ತಂಬಿಗೆ ಖಾಲಿ. ಹಾಸಿಗೆ, ನೆಲ, ಅವ್ವನ ಸೆರಗು ಯಾವುದೂ ಒದ್ದೆಯಾಗಿರಲಿಲ್ಲ. ಮನೆಯಲ್ಲಿ ಮತ್ತಾರೂ ಇರಲಿಲ್ಲ.

"ನಿಮ್ಮಪ್ಪಾರು ಬಂದಿದ್ರು ತಮ್ಮಾ," ಎಂದಳು ಅವ್ವ. "ಹೊತ್ತ ಇನ್ನೂ ಮುಳಗಿಲ್ಲ, ಕುಡಿ ಅಂದ್ರು. ಕುಡದೆ."

ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮತ್ತೆ ನೀರು ತಂದು, ಒಂದು ಚಮಚ ಹಾಕಿ ನೋಡಿದೆ. ಕೆಮ್ಮಿನ ಜೊತೆ ಅಷ್ಟೂ ಹೊರಗೆ ಬಂತು. ಹಾಗಾದರೆ ತಂಬಿಗೆಯ ನೀರು ಎಲ್ಲಿ ಹೋಯಿತು? ಆ ಕೋಣೆಯಲ್ಲಿ ಬೆನ್ನು ಗೋಡೆಗೆ ಕೊಡದೆ ಕೂರಲು ನನ್ನಿಂದಾಗಲಿಲ್ಲ.

ಸೋಮವಾರ ಔಷಧ ಬದಲಿಸಿ ಎಂದೆ. ವಿಚಾರ ಮಾಡಿ ಹೇಳಿದ್ದಲ್ಲ, ಅಪ್ಪನೇ ಬಂದು ಕುಡಿ ಅಂದ ಮೇಲೆ ಬೇಡ ಎನ್ನಲು ಹೆದರಿ ಹೇಳಿದ್ದು.

ಹೊಸ ಔಷಧ ಹಿಡಿಯಿತು. ಅವ್ವ ಮೆತ್ತನೆಯ ಅನ್ನ ಉಂಡಳು, ಅಂಗಳದಲ್ಲಿ ಕುಳಿತು ನೆರೆಯವರ ಜೊತೆ ಹರಟಿದಳು. ಕೆಲವು ತಿಂಗಳಾದ ಮೇಲೆ ಅದೂ ಸೋತಿತು. ಇನ್ನೊಂದು ಔಷಧ ಐತಿ, ನೋಡೂಣೇನ್ರಿ ಎಂದರು ಡಾಕ್ಟರು. ನಾಳೆ ಹೇಳುತ್ತೇನೆಂದು ಬಂದೆ.

ಆ ಸಂಜೆ ತಂಬಿಗೆ ತುಂಬಿಟ್ಟು, ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತೆ. ಏನೂ ಕೇಳಲಿಲ್ಲ. ಹೊತ್ತು ಮುಳುಗಿದ ಮೇಲೆ ಹೋಗಿ ನೋಡಿದರೆ ನೀರು ಇಟ್ಟಷ್ಟೇ ಇತ್ತು. ಅಂದು ಖಾಲಿಯಾದದ್ದು ಹೇಗೋ ನನಗೆ ಇವತ್ತಿಗೂ ತಿಳಿಯದು, ಆದರೆ ತುಂಬಿದ ತಂಬಿಗೆ ನೋಡಿ ಅದಕ್ಕಿಂತ ಹೆಚ್ಚು ಹೆದರಿದೆ.

ಅವ್ವ ನನ್ನನ್ನೇ ನೋಡುತ್ತಿದ್ದಳು. "ಯಾರ ಹಾದಿ ನೋಡಾಕತ್ತೀಯೋ ತಮ್ಮಾ?" ಎಂದಳು.

ತಂಬಿಗೆ ಎತ್ತಿ ಒಳಗಿಟ್ಟು ಬಂದೆ. ಬೆಳಗಾದರೆ ಡಾಕ್ಟರಿಗೆ ಏನೆನ್ನಬೇಕೆಂದು ಈ ಸಲ ನಾನೇ ತೀರ್ಮಾನಿಸಬೇಕಿತ್ತು.