ಫ್ಲಾಪಿಯೊಳಗಿನ ಕುಂಕುಮ

ಮದುವೆಯಾಗಿ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಂದಾಗ ನನಗೆ ಗೊತ್ತಿದ್ದ ಕೆಲಸ ಒಂದೇ, ತವರಿನ ಪ್ರೆಸ್ಸಿನಲ್ಲಿ ಕಲಿತ ಡಿಟಿಪಿ. ಸೊಸೆ ಅಂಗಡಿ ಬೀದಿಯಲ್ಲಿ ಕೂತು ದುಡಿಯುವುದು ಮಾವನಿಗೆ ಸರಿಬರಲಿಲ್ಲ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಕೊನೆಗೆ ನನ್ನ ಗಂಡ ನಡುವೆ ಬಂದು ಒಂದು ಕಂಪ್ಯೂಟರನ್ನೂ ಪ್ರಿಂಟರನ್ನೂ ಮನೆಗೇ ತಂದರು. ಊರಿನ ಪ್ರೆಸ್ಸಿನವರು ಲಗ್ನಪತ್ರಿಕೆಗಳ ಬರಹ ಕಳಿಸುತ್ತಿದ್ದರು. ನಾನು ಟೈಪು ಮಾಡಿ, ಅಂದವಾಗಿ ಜೋಡಿಸಿ, ಪ್ರಿಂಟ್ ತೆಗೆದು ಕೊಡುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು.

ಮಾವ ಕಂಪ್ಯೂಟರನ್ನು 'ಆ ಟೀವಿ' ಎಂದೇ ಕರೆಯುತ್ತಿದ್ದರು. ಉಡಿಗಾಲದ ಹೊಲದಿಂದ ಸಂಜೆ ಮನೆಗೆ ಬಂದಾಗ ನಾನು ಅದರ ಮುಂದೆ ಕೂತಿದ್ದರೆ, ಸೊಸೆ ಆಟವಾಡುತ್ತಿದ್ದಾಳೆ ಎಂದು ಅವರ ಲೆಕ್ಕ. ಅತ್ತೆ ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದವರ ಮನಸ್ಸಿನಲ್ಲಿ ಏನಿದೆಯೋ ಎಂದು ನಾನೇ ಕೆಟ್ಟದ್ದನ್ನು ಊಹಿಸಿಕೊಂಡು ಬಿಗಿದುಕೊಂಡಿರುತ್ತಿದ್ದೆ.

ಆ ವರ್ಷ ಆಯುಧಪೂಜೆಗೆ ಅತ್ತೆ ಮಚ್ಚು, ಕುಡುಗೋಲು, ಸೈಕಲ್ಲು, ಹೊಲಿಗೆ ಮೆಷಿನ್ನುಗಳ ಜೊತೆ ಕಂಪ್ಯೂಟರಿಗೂ ವಿಭೂತಿ ಬಳಿದು ಕುಂಕುಮ, ಚೆಂಡುಹೂ ಇಟ್ಟಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಆಮೇಲೆ ಬಂದು ನೋಡಿ, ಸದ್ಯ ಮಾನಿಟರಿನ ಗಾಜನ್ನು ಬಿಟ್ಟಿದ್ದಾರಲ್ಲ ಎಂದುಕೊಂಡೆನೇ ಹೊರತು ಬೇರೇನೂ ಯೋಚಿಸಲಿಲ್ಲ.

ದೀಪಾವಳಿ ಕಳೆದ ಮೇಲೆ ಕಂಪ್ಯೂಟರಿಗೆ ವೈರಸ್ ಹತ್ತಿತು. ನನ್ನ ಗಂಡ ಗೊತ್ತಿದ್ದವರೊಬ್ಬರನ್ನು ಕರೆತಂದು ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿಸಿದರು. ಎಲ್ಲ ಸರಿಯಾಯಿತು, ಪ್ರಿಂಟರ್ ಒಂದನ್ನು ಬಿಟ್ಟು. ಪ್ರಿಂಟರನ್ನು ನಡೆಸುವುದು ಹೇಗೆಂದು ಕಂಪ್ಯೂಟರಿಗೆ ತಿಳಿಸಲು ಡ್ರೈವರ್ ಎಂಬ ಸಾಫ್ಟ್‌ವೇರ್ ಬೇಕು. ಉಳಿದವುಗಳ ಜೊತೆ ಅದೂ ಅಳಿಸಿಹೋಗಿತ್ತು. ಅದನ್ನು ತುಂಬಿಟ್ಟಿದ್ದ ಫ್ಲಾಪಿ, ಅಂಗೈಯಗಲದ ಡಿಸ್ಕು, ನನ್ನ ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲೆಯೇ ಇತ್ತು. ಹಾಕಿದರೆ ಕರಕರ ಎಂದಿತೇ ಹೊರತು ಓದಲಿಲ್ಲ. ಅದೇ ಕಂಪನಿಯ ಇನ್ನೊಂದು ಮಾಡೆಲ್ಲಿನ ಡ್ರೈವರ್ ಆರಿಸಿ ನೋಡಿದೆ. ವಧುವರರ ಹೆಸರಿರಬೇಕಾದ ಕಡೆ ಅರ್ಥವಿಲ್ಲದ ಗುರುತುಗಳು ಬಂದವು, ಹಾಳೆಯ ಮೇಲೆ ಹಾಳೆ.

ಫ್ಲಾಪಿಯ ತಗಡಿನ ಬಾಗಿಲನ್ನು ಸರಿಸಿ ನೋಡಿದೆ. ಒಳಗಿನ ಕಂದು ಬಿಲ್ಲೆಯ ಮೇಲೆ ನೀರಲ್ಲಿ ಕಲಸಿದ ಕುಂಕುಮ ಒಣಗಿ ಅಂಟಿಕೊಂಡಿತ್ತು.

ಅತ್ತೆಯನ್ನು ಕರೆದು ತೋರಿಸಿದೆ. ಅವರೇನೂ ಮುಚ್ಚಿಡಲಿಲ್ಲ. "ಸೈಕಲ್ ಚಕ್ರಕ್ಕೆ ಇಕ್ದೆ, ಒಲ್ಗೆ ಮಿಷಿನ್ ಚಕ್ರಕ್ಕೂ ಇಕ್ದೆ. ಇದ್ರೊಳ್ಗೂ ಚಕ್ರ ಅದಲ್ಲ, ಬುಟ್ರೆ ಚೆಂದಾಗಿರಾಕಿಲ್ಲ ಅಂತ ತಗಡ ಸರಿಸಿ ಒಂಚೂರ್ ಇಕ್ಬುಟ್ಟೆ ಕಣಮ್ಮಿ" ಅಂದರು.

ಸಿಟ್ಟು ನೆತ್ತಿಗೇರಿತು. ಬೇಕೆಂದೇ ಮಾಡಿದರೇನೋ ಎಂಬ ಅನುಮಾನವೂ ಬಂತು.

ಸುದ್ದಿ ಮಾವನ ಕಿವಿಗೆ ಬಿತ್ತು. ಪುಣಜನೂರು ಕಡೆಯ ನೆಂಟರೊಬ್ಬರು ಕಂಪ್ಯೂಟರ್ ಕ್ಲಾಸು ತೆರೆಯಬೇಕೆಂದು ನಮ್ಮದನ್ನು ಕ್ರಯಕ್ಕೆ ಮೊದಲೇ ಕೇಳಿಟ್ಟಿದ್ದರು. "ಕೆಟ್ಟ್ ಕೂತಿರದ ಯಾಕ್ಲಾ ಮಡಿಕಂಡಿದ್ದೀಯೆ? ಸೋಮಾರ ಬಂದು ಎತ್ಕಂಡ್ ಓಗ್ಲಿ ಬುಡು" ಎಂದು ಮಾವ ಮಗನಿಗೆ ಹೇಳಿದರು. ಈ ಸಲ ನನ್ನ ಗಂಡ ಅಪ್ಪನಿಗೆ ಎದುರಾಡದೆ ಹೂಂಗುಟ್ಟಿದರು. ಕಾರ್ತಿಕದ ಮದುವೆಗಳ ಪತ್ರಿಕೆಗಳು ನನ್ನ ಮೇಜಿನ ಮೇಲೆ ಅರ್ಧಕ್ಕೇ ನಿಂತಿದ್ದವು. ಆ ಪೆಟ್ಟಿಗೆ ಮನೆ ಬಿಟ್ಟು ಹೋದರೆ ನನ್ನ ಕೆಲಸವೂ ಅದರ ಹಿಂದೆಯೇ ಹೋಗುತ್ತಿತ್ತು. ಇನ್ನೊಂದನ್ನು ಯಾರೂ ತಂದುಕೊಡುತ್ತಿರಲಿಲ್ಲ.

ಗುಂಡ್ಲುಪೇಟೆಯ ನನ್ನ ಹಳೆಯ ಪ್ರೆಸ್ಸಿನಲ್ಲಿ ಇದೇ ಪ್ರಿಂಟರ್ ಇತ್ತು. ಹೋಗಿಬರುತ್ತೇನೆ ಎಂದು ಹೊರಟಾಗ ಅತ್ತೆ, "ಒಬ್ಳೇ ಯಾಕ್ ಓದಿಯೆ, ನಾನೂ ಬತ್ತೀನಿ ಇರು" ಎಂದು ಸೀರೆ ಬದಲಿಸಿಕೊಂಡು ಬಂದರು. ಕಾವಲಿಗೆ ಬರುತ್ತಿದ್ದಾರೆ ಎಂದುಕೊಂಡೆ.

ಪ್ರೆಸ್ಸಿನಲ್ಲಿದ್ದ ನನ್ನ ಹಳೆಯ ಜೊತೆಗಾತಿ ಫ್ಲಾಪಿಯನ್ನು ತಿರುಗಿಸಿ ನೋಡಿ ನಗಲು ಶುರುಮಾಡಿದಳು. "ಇದ್ರೊಳಗೆಲ್ಲ ಯಾರಮ್ಮಿ ಕುಂಕುಮ ಇಕ್ಕಿದ್ದು?" ಅತ್ತೆ ಹೊರಗೆ ಈರುಳ್ಳಿ ಮೂಟೆ ಹೇರುತ್ತಿದ್ದ ಲಾರಿಯ ಕಡೆ ಮುಖ ತಿರುಗಿಸಿದರು. "ನಮ್ಮನೇಲಿ ಪೂಜೆ ಸ್ವಲ್ಪ ಜೋರು" ಎಂದು ನಾನು ಮಾತು ಹಾರಿಸಿದೆ. ಅವಳು ಡ್ರೈವರನ್ನು ಎರಡು ಫ್ಲಾಪಿಗಳಿಗೆ ಕಾಪಿ ಮಾಡಿಕೊಟ್ಟಳು. ಕೊಳೆ ಫ್ಲಾಪಿ ಹಾಕಿದ್ದರಿಂದ ಕಂಪ್ಯೂಟರಿನೊಳಗೆ ಅದನ್ನು ಓದುವ ಹೆಡ್ಡಿಗೂ ಕುಂಕುಮ ಮೆತ್ತಿರುತ್ತದೆ, ಸ್ಪಿರಿಟ್ಟಿನಲ್ಲಿ ಒರೆಸದೆ ಹೊಸದನ್ನು ಹಾಕಬೇಡ ಎಂದೂ ಹೇಳಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕೇಳಿದರು. "ಎಲ್ಡ್ ಯಾಕಮ್ಮಿ?"

"ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ, ಅತ್ತೆ."

"ಅಂಗಾರೆ ಒಂದು ನನ್ ತಾವ್ ಇರ್ಲಿ ಕೊಡು" ಎಂದು ಇಸಿದುಕೊಂಡು ಸೆರಗಿನಲ್ಲಿ ಸುತ್ತಿಕೊಂಡರು. ಮನೆಗೆ ಬಂದವರೇ ಅದನ್ನು ತಮ್ಮ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಕೆಳಗೆ ಇಟ್ಟರು.

ಸೋಮವಾರ ಬೆಳಿಗ್ಗೆ ಕಂಪ್ಯೂಟರಿನ ಮುಚ್ಚಳ ಬಿಚ್ಚಿಕೊಂಡು ಕೂತೆ. ಮೆಡಿಕಲ್ ಸ್ಟೋರಿನ ಸ್ಪಿರಿಟ್ ಇತ್ತು, ಒರೆಸಲು ಸಣ್ಣದೇನಾದರೂ ಬೇಕಿತ್ತು. ಅತ್ತೆ ದೇವರ ದೀಪಕ್ಕೆ ಹೊಸೆದಿಟ್ಟ ಬತ್ತಿಗಳನ್ನು ತಂದು ಪಕ್ಕದಲ್ಲಿ ಕೂತು, ಒಂದೊಂದನ್ನೇ ಅದ್ದಿ ನನ್ನ ಕೈಗೆ ಕೊಡತೊಡಗಿದರು. ಬತ್ತಿಗಳು ಕೆಂಪಾಗಿ ಹೊರಬರುತ್ತಿದ್ದವು. ಅಷ್ಟರಲ್ಲಿ ನೆಂಟರು ಬಂದರು. ಮಾವ ಅವರನ್ನು ನೇರ ಒಳಕ್ಕೇ ಕರೆತಂದು, "ಇದೇಯ, ಎತ್ಕಳಿ" ಅಂದರು.

ಅತ್ತೆ ಕೂತಲ್ಲಿಂದ ಏಳಲೂ ಇಲ್ಲ, ದನಿ ಏರಿಸಲೂ ಇಲ್ಲ.

"ಆಯುಧಪೂಜೆಲಿ ಕುಂಕುಮ ಇಕ್ಕಿವ್ನಿ ಅದ್ಕೆ. ಪೂಜೆ ಮಾಡಿರ ಆಯುಧವ ಯಾರಾರ ಮಾರಾರಾ? ನಿಮ್ ಕುಡ್ಗೋಲ ಮಾರಿ ಮೊದ್ಲು, ಆಮೇಲ್ ಇದ್ನ ಮಾರನ. ಇದು ಅವ್ಳ ಕಸುಬು."

ಮಾವ ನೆಂಟರನ್ನು ಪಡಸಾಲೆಯಲ್ಲಿ ಕೂರಿಸಿ, ಕಾಫಿ ಮಾಡಲು ಹೇಳಿದರು. ಅತ್ತೆಯೇ ಎದ್ದು ಹೋಗಿ ಮಾಡಿದರು. ಆ ಮನೆಯಲ್ಲಿ ನನ್ನ ಕೆಲಸವನ್ನು ಯಾರೂ ಅದುವರೆಗೆ ಕಸುಬು ಎಂದಿರಲಿಲ್ಲ. ನನಗೆ ಅಳು ಬಂತು. ಹೆಡ್ಡು ಒರೆಸುವ ನೆಪದಲ್ಲಿ ತಲೆ ಬಗ್ಗಿಸಿಯೇ ಇದ್ದೆ. ಮಧ್ಯಾಹ್ನದ ಊಟದ ಹೊತ್ತಿಗೆ ಫ್ಲಾಪಿ ಓದಿತು, ಡ್ರೈವರ್ ಕೂತಿತು, ವಧುವಿನ ಹೆಸರು ಕನ್ನಡದಲ್ಲೇ ಬಂತು.

ಮುಂದಿನ ಆಯುಧಪೂಜೆಗೆ ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದು, "ಎಲ್ಲೆಲ್ಲಿಗ್ ಇಕ್ಲಿ, ತೋರ್ಸು" ಅಂದರು. ತೋರಿಸಿದೆ. ಎಲ್ಲ ಮುಗಿದ ಮೇಲೆ ತಮ್ಮ ಟ್ರಂಕು ತೆರೆದು ಆ ಇನ್ನೊಂದು ಫ್ಲಾಪಿಯನ್ನು ಹೊರತೆಗೆದರು. ಅದಕ್ಕೆ ಕುಂಕುಮ ಇಡಲಿಲ್ಲ. ಕಣ್ಣಿಗೊತ್ತಿಕೊಂಡು, ಮತ್ತೆ ಸೀರೆಯ ಕೆಳಗೆ ಇಟ್ಟರು.