ತಾತನ ಕಲ್ಲು, ಅರಸನ ಅಪ್ಪಣೆ

ಮನುಷ್ಯನ ದೇಹ ನಶ್ವರ, ಕಲ್ಲೊಂದೇ ಶಾಶ್ವತ ಎಂದು ಆ ಕಾಲದ ಹಳೇಬೀಡಿನಲ್ಲಿ ದೊಡ್ಡವರು ಗಂಭೀರವಾಗಿ ಹೇಳುತ್ತಿದ್ದರು. ನಮ್ಮ ತಾತನಲ್ಲಿ ಮಾತ್ರ ಎರಡೂ ಒಟ್ಟಿಗೆ ವಾಸವಾಗಿದ್ದವು.

ನಾನಾಗ ಮೂರನೇ ಕ್ಲಾಸಿನ ಹುಡುಗಿ. ಆ ಬೇಸಿಗೆಯೆಲ್ಲ ಮನೆತುಂಬ ತಾತನ ಕಲ್ಲು ಕರಗಲೆಂದು ಕಾಯಿಸುವ ಹುರುಳಿಕಟ್ಟಿನ ವಾಸನೆ. ನಾನು ಜಗಲಿಯಲ್ಲಿ ಬಳಪದ ಕಲ್ಲಿನ ಚೂರುಗಳನ್ನಿಟ್ಟುಕೊಂಡು ಅಣ್ಣೆಕಲ್ಲು ಆಡುತ್ತಿದ್ದರೆ, ನಿವೃತ್ತ ಮೇಷ್ಟ್ರಾದ ತಾತ ಒಳಗೆ ಮೂತ್ರ ಕಟ್ಟಿ ನರಳುತ್ತಿದ್ದರು. ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದು ಹಾಸನದ ಡಾಕ್ಟರು ಹೇಳಿದ್ದರು. ತಾತ ಒಪ್ಪಲಿಲ್ಲ. ಅವರ ಅಜ್ಜ ಯಾವುದೋ ತಾಳೆಗರಿಯಿಂದ ನಕಲು ಮಾಡಿದ್ದ ವೈದ್ಯದ ಪುಸ್ತಕವೊಂದು ಮನೆಯಲ್ಲಿತ್ತು, ತೀರ್ಮಾನ ಅದರದು.

ನೋವು ಇಳಿದಾಗ ತಾತ ಅದನ್ನು ನನಗೆ ಓದಿ ಹೇಳುತ್ತಿದ್ದರು. ಒಂದು ಬಗೆಯ ಕಲ್ಲು ಕೋಳಿಮೊಟ್ಟೆಯಂತೆ ಬೆಳ್ಳಗೆ, ಇನ್ನೊಂದು ಕದಂಬದ ಹೂವಿನಂತೆ ಮೈಯೆಲ್ಲ ಮುಳ್ಳು. ಎಕ್ಸ್‌ರೇ ಇಲ್ಲದ ಕಾಲದಲ್ಲಿ ಯಾರೋ ಪುಣ್ಯಾತ್ಮ ಇದನ್ನೆಲ್ಲ ಕೈಯಲ್ಲಿ ಹಿಡಿದು ನೋಡಿದ್ದಾನೆ! ದೇವಸ್ಥಾನದ ಗೋಡೆಯ ಆನೆಸಾಲು ಕಂಡಾಗಲೂ ನನಗೆ ಹಾಗೆ ಮೈ ಜುಮ್ಮೆಂದಿರಲಿಲ್ಲ.

ಕೊಯ್ಯುವ ವಿಧಾನವೂ ಅದರಲ್ಲಿತ್ತು. ಆದರೆ ಕೊಯ್ಯದಿದ್ದರೆ ಸಾವು ಖಂಡಿತ, ಕೊಯ್ದರೆ ಬದುಕು ಸಂಶಯ. ಆದ್ದರಿಂದ ಮೊದಲು ಅರಸನ ಅಪ್ಪಣೆ ಪಡೆಯತಕ್ಕದ್ದು. ತಾತ ಹಿಡಿದು ಕೂತದ್ದು ಇದನ್ನೇ.

"ಅಪ್ಪಣೆ ಕೊಡೋಕೆ ಅರಸ ಎಲ್ಲಿದಾನೆ ಈ ಊರಲ್ಲಿ?" ಎಂದರು ತಾತ.

"ಹೊಯ್ಸಳರು ವಾಪಸ್ ಬರೋವರೆಗೂ ಕಾಯ್ತೀರೇನ್ರೀ?" ಎಂದರು ಅಜ್ಜಿ.

"ಶಾಸ್ತ್ರ ಕಣೇ."

ಹಾಲು ತಂದಿದ್ದ ರಂಗಣ್ಣ ಬಾಗಿಲಲ್ಲೇ ನಿಂತು, "ತಾಸೀಲ್ದಾರ್ರು ಆಗಾಕಿಲ್ವಾ ಮೇಷ್ಟ್ರೇ? ಬೇಲೂರಲ್ಲೇ ಅವ್ರೆ" ಎಂದ. ತಾತ ಮೂರು ದಿನ ರಾಜವಂಶದ ನಿರೀಕ್ಷೆಯಲ್ಲಿ ಮಲಗಿದರು.

ನಾಲ್ಕನೆಯ ದಿನ ಮೂತ್ರ ಪೂರ್ತಿ ನಿಂತಿತು. ರಂಗಣ್ಣ ಜೀಪು ತಂದ. ಹಾಸನದ ಆಸ್ಪತ್ರೆಯಲ್ಲಿ ಗುಮಾಸ್ತರೊಬ್ಬರು ಅಜ್ಜಿಯ ಮುಂದೆ ಒಂದು ಕಾಗದ ಇಟ್ಟರು. ಅಜ್ಜಿ ತಾತನ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು: ಆಪರೇಷನ್ ಮಾಡದಿದ್ದರೆ ಪ್ರಾಣಾಪಾಯ, ಮಾಡಿದರೂ ಆಗಬಹುದು, ಇದಕ್ಕೆ ನಮ್ಮ ಒಪ್ಪಿಗೆ ಇದೆ.

ಸ್ಟ್ರೆಚರಿನ ಮೇಲಿದ್ದ ತಾತ ಕಣ್ಣರಳಿಸಿದರು. "ಪುಸ್ತಕದ್ದೇ ಮಾತು ಕಣೇ ಅದು!"

"ಹೂಂ. ಅಪ್ಪಣೆ ಕೊಟ್ಟಿದೀನಿ, ಸುಮ್ನೆ ಒಳಗೆ ಹೋಗಿ" ಎಂದು ಅಜ್ಜಿ ರುಜು ಹಾಕಿದರು.

ಸಂಜೆ ಡಾಕ್ಟರು ಕಲ್ಲನ್ನು ಸೀಸೆಯಲ್ಲಿಟ್ಟು ತೋರಿಸಿದರು. ಮೈಯೆಲ್ಲ ಮುಳ್ಳು, ಕದಂಬದ ಹೂವೇ. ನಾನು ಅರಿಯದೆ ಕೈಮುಗಿದೆ.

ಹೋದ ವರ್ಷ ನನಗೂ ಕಲ್ಲಾಯಿತು. ಲೇಸರಿನಲ್ಲಿ ಪುಡಿ ಮಾಡಿದರು. ಕೈಯಲ್ಲಿ ಹಿಡಿದು ನೋಡಲು ಏನೂ ಉಳಿಯಲಿಲ್ಲ. ಒಪ್ಪಿಗೆಯ ಕಾಗದಕ್ಕೆ ಓದದೆಯೇ ರುಜು ಹಾಕಿದೆ. ಪುಸ್ತಕವನ್ನು ಎಂದೋ ಗೆದ್ದಲು ತಿಂದಿತ್ತು.

ತಾತ ಆಪರೇಷನ್ ಆದ ಮೇಲೆ ಹನ್ನೊಂದು ವರ್ಷ ಬದುಕಿದ್ದರು.