ಮಾವನ ಮಿಲ್ಲಿನ ಸದ್ದು, ನನ್ನ ರೈಲು

ರೈಲಿನ ಹುಚ್ಚು ನನಗೆ ಯಾರಿಂದ ಅಂಟಿತೋ ಗೊತ್ತಿಲ್ಲ. ತುಮಕೂರಿನ ಬಾಡಿಗೆ ಮನೆಯ ನಡುಮನೆಯಲ್ಲಿ ಹಲಗೆ ಹಾಸಿ, ಅದರ ಮೇಲೆ ದುಂಡಗೆ ಹಳಿ ಬಡಿದು, ತಗಡು ಕತ್ತರಿಸಿ ನಾನೇ ಮಾಡಿದ ಪುಟ್ಟ ಕಲ್ಲಿದ್ದಲ ಎಂಜಿನ್ನೊಂದನ್ನು ಓಡಿಸುತ್ತಿದ್ದೆ. ಹೆಸರಿಗಷ್ಟೇ ಕಲ್ಲಿದ್ದಲು. ಒಳಗಿದ್ದದ್ದು ಹಳೆಯ ಟೇಪ್ ರೆಕಾರ್ಡರಿನ ಮೋಟಾರು. ನೋಡಲು ಕರ್ರಗೆ ಗತ್ತಾಗಿತ್ತು, ಓಡಿದರೆ ಮಾತ್ರ ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತಿತ್ತು. ನನಗೋ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತರ ದಶಕದ ಕೊನೆ ಅದು. ಗುಬ್ಬಿ ಸ್ಟೇಷನ್ನಿನಲ್ಲಿ ಆಗಲೇ ಡೀಸೆಲ್ ಎಂಜಿನ್ನುಗಳು. ಸದ್ದು ಹಿಡಿದು ತರೋಣವೆಂದರೆ ಉಗಿ ಎಂಜಿನ್ನೇ ಇಲ್ಲ. ಬೆಂಕಿಪೊಟ್ಟಣಕ್ಕೆ ಸ್ಯಾಂಡ್‌ಪೇಪರ್ ಉಜ್ಜಿ ರೆಕಾರ್ಡ್ ಮಾಡಿದೆ. ಸೈಕಲ್ ಪಂಪು ಒತ್ತಿದೆ. ಕುಕ್ಕರಿನ ಮುಂದೆ ಟೇಪ್ ರೆಕಾರ್ಡರ್ ಹಿಡಿದು ಕೂತೆ. "ಇನ್ನೂ ಎಷ್ಟ್ ವಿಷಲ್ ಬೇಕ್ರೀ ನಿಮಗೆ? ಬೇಳೆ ಕರಗಿ ನೀರಾಯ್ತು" ಎಂದು ಹೆಂಡತಿ ರೇಗಿದಳು. ಕೂಗೇನೋ ಪರವಾಗಿಲ್ಲ ಅನ್ನುವಂತೆ ಬಂತು. ಆದರೆ ದಿಬ್ಬ ಹತ್ತುವಾಗಿನ ಆ ಏದುಸಿರು ಯಾವುದರಿಂದಲೂ ಬರಲಿಲ್ಲ. ಅಷ್ಟರಲ್ಲಿ ಹೆಂಡತಿಯ ತವರಾದ ಕುಣಿಗಲ್ಲಿನ ಒಂದು ಶಾಲೆಯವರು, ದೀಪಾವಳಿಯಾದ ಮೇಲೆ ವಸ್ತುಪ್ರದರ್ಶನವಿದೆ, ನಿಮ್ಮ ರೈಲು ತಂದಿಡಿ ಅಂದರು. ಕುಣಿಗಲ್ಲಿಗೆ ಆಗ ರೈಲೇ ಇರಲಿಲ್ಲ. ಅಂಥ ಮಕ್ಕಳ ಮುಂದೆ ಸೊಳ್ಳೆ ರೈಲು ಓಡಿಸಿ ಮರ್ಯಾದೆ ಕಳೆದುಕೊಳ್ಳುವುದೇ?

ಆಗ ನೆನಪಾದದ್ದು ಕಡಬದ ಹತ್ತಿರ ನನ್ನ ಸೋದರಮಾವ ನಡೆಸುತ್ತಿದ್ದ ಹಿಟ್ಟಿನ ಮಿಲ್ಲು. ಊರೊಳಗೆ ಕರೆಂಟಿನ ಮಿಲ್ಲು ಬಂದ ಮೇಲೆ ಅವನ ಡೀಸೆಲ್ ಎಂಜಿನ್ನಿಗೆ ಕೆಲಸ ಕಮ್ಮಿಯಾಗಿತ್ತು. ಕರೆಂಟು ಹೋದ ದಿನವೇ ಅವನಿಗೆ ಹಬ್ಬ. ಹೊಗೆಕೊಳವೆಯ ಬಾಯಿಗೆ ಒಂದು ತಗಡಿನ ಬಟ್ಟಲನ್ನು ಸಡಿಲವಾಗಿ ಸಿಕ್ಕಿಸಿದ್ದ. ಎಂಜಿನ್ನು ಓಡಿದರೆ ಅದು ಕುಕ್ ಕುಕ್ ಕುಕ್ ಎಂದು ಕೆರೆಯಾಚೆಯ ಹಟ್ಟಿಗೂ ಕೇಳಿಸುತ್ತಿತ್ತು. ಕುಕ್ ಅಂದಿತೆಂದರೆ ಇವತ್ತು ಬೀಸುತ್ತಾರೆ ಎಂದು ಹೆಂಗಸರು ರಾಗಿ ಹೊತ್ತು ಹೊರಡುತ್ತಿದ್ದರು. ಬೋರ್ಡು, ಬಾಗಿಲು, ವೇಳೆ ಎಲ್ಲ ಆ ಸದ್ದೇ.

"ಸದ್ದು ತಾನೇ? ಬಾರ್ಲಾ, ಎಷ್ಟ್ ಬೇಕೋ ತಗಂಡೋಗು" ಅಂದ ಮಾವ.

ನಾನು ಹೋದ ದಿನವೂ ಕರೆಂಟು ಇರಲಿಲ್ಲ. ಬೀಸುವ ಕಲ್ಲಿನ ಗರಗರ ಸೇರಬಾರದು ಎಂದು ಬೆಲ್ಟು ಬಿಚ್ಚಿಸಿದೆ. ಎಂಜಿನ್ನು ನಿಧಾನವಾಗಿ ಶುರುವಾಗಿ, ವೇಗ ಹಿಡಿದು, ದಣಿದು ನಿಲ್ಲಬೇಕು. ಒಂದು ಸಲ ಕಾಗೆ ಕೂಗಿತು. ಇನ್ನೊಂದು ಸಲ ನಾನೇ ಕೆಮ್ಮಿದೆ. "ಇನ್ನೊಂದ್ ಸಲ ಹಾಕು ಮಾವ" ಅನ್ನುತ್ತಲೇ ಹೋದೆ. ಅವನು ಹ್ಯಾಂಡಲು ತಿರುಗಿಸಿ ತಿರುಗಿಸಿ ಬೆವೆತು ನೀರಾದ.

ಅಷ್ಟರಲ್ಲಿ ಹಟ್ಟಿಯ ಹೆಂಗಸರು ಬಂದರು. ಬರದೆ ಏನು, ಸದ್ದು ಕೇಳಿಸಿತ್ತಲ್ಲ! "ಬೇಗ ಹಾಕಣ್ಣ, ಮನೇಲಿ ಚೂರೂ ಹಿಟ್ಟಿಲ್ಲ" ಎಂದಳು ಒಬ್ಬಳು. ನಾನು ತುಟಿಯ ಮೇಲೆ ಬೆರಳಿಟ್ಟು ಉಶ್ ಅಂದೆ. ಅವರು ಬೀಸಿಸಿಕೊಳ್ಳುವ ಮಿಲ್ಲಿನಲ್ಲಿ ಅವರನ್ನೇ ಸುಮ್ಮನಿರಿಸಲು ನಾನು ಯಾವ ದೊಡ್ಡ ಮನುಷ್ಯ? ಮಾವ ನನ್ನ ಮುಖ ನೋಡಿ, ಅವರ ಮುಖ ನೋಡಿ, "ವಸಿ ತಡ್ಕಳ್ರವ್ವಾ, ನಮ್ಮುಡ್ಗ ತುಮಕೂರಿಂದ ಬಂದವ್ನೆ" ಅಂದ. ಅವರು ಹುಣಸೇಮರದ ಕೆಳಗೆ ಕೂತರು. ರೆಕಾರ್ಡಿಂಗು ನನ್ನ ಮನಸ್ಸಿಗೆ ಒಪ್ಪುವ ಹೊತ್ತಿಗೆ ಡೀಸೆಲ್ ಖಾಲಿ. ಮತ್ತೆ ಬೇಕೆಂದರೆ ಬಸ್ಸು ಹಿಡಿದು ಗುಬ್ಬಿಗೇ ಹೋಗಬೇಕು.

"ಬೀಸ್ದೇ ಇದ್ಮೇಲೆ ಕುಕ್ ಅನ್ಸಿದ್ ಯಾಕಣ್ಣ?" ಎಂದು ಆಕೆ ಕೇಳಿದಳು. ಜಗಳಕ್ಕಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದಳು. ರಾಗಿ ಮೂಟೆಗಳನ್ನು ಮತ್ತೆ ತಲೆಗೇರಿಸಿ ಅವರು ಬಿಸಿಲಿನಲ್ಲಿ ವಾಪಸು ಹೋದರು. ನನಗೆ ನಾಚಿಕೆಯಾಗಲಿಲ್ಲ ಎಂದಲ್ಲ. ಆದರೆ ಬಸ್ಸಿನಲ್ಲಿ ಕ್ಯಾಸೆಟ್ಟು ಹಿಡಿದು ಕೂತಾಗ ಖುಷಿಯೇ ಹೆಚ್ಚಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

ಮುಂದಿನದ್ದು ಗೊತ್ತಾದದ್ದು ಅಮ್ಮನ ಬಾಯಿಂದ. ಮತ್ತೆ ಕರೆಂಟು ಹೋದಾಗ ಮಾವ ಎಂಜಿನ್ನು ಹಾಕಿದರೆ ಯಾರೂ ಬರಲಿಲ್ಲವಂತೆ. "ಅದು ಸುಮ್ಕೆ ಕೂಗ್ತೈತೆ ಬುಡು" ಎಂದು ಹಟ್ಟಿಯಲ್ಲೆಲ್ಲ ಮಾತಾಗಿತ್ತಂತೆ. ಕರೆಂಟು ಬರುವ ತನಕ ಕಾದು ಊರೊಳಗಿನ ಮಿಲ್ಲಿಗೇ ಹೋದರಂತೆ. ಮಾವ ದಿನವಿಡೀ ಕುಕ್ ಅನ್ನಿಸಿ ನೋಡಿದ. ಕೊನೆಗೆ ದೀಪಾವಳಿಗೆ ಮೊದಲೇ ಎಂಜಿನ್ನನ್ನು ಯಾರದೋ ತೋಟಕ್ಕೆ ನೀರೆತ್ತಲು ಕೊಟ್ಟುಬಿಟ್ಟ. ಇವತ್ತಲ್ಲ ನಾಳೆ ಆ ಮಿಲ್ಲು ಮುಚ್ಚುವುದೇ ಇತ್ತು ಕಣೋ ಎಂದು ಅಮ್ಮ ಸಮಾಧಾನ ಹೇಳಿದಳು. ಇರಬಹುದು. ಆದರೂ ಅವನ ಮಿಲ್ಲಿನ ಮೇಲಿದ್ದ ನಂಬಿಕೆ ಕೆಡಿಸಿದವನು ನಾನು.

ಕುಣಿಗಲ್ಲಿನ ಪ್ರದರ್ಶನಕ್ಕೆ ಮಾವನೂ ಬಂದ. ಹಲಗೆಯ ಕೆಳಗೆ ಬಚ್ಚಿಟ್ಟ ಸ್ಪೀಕರಿನಿಂದ ಕುಕ್ ಕುಕ್ ಶುರುವಾಗಿ ರೈಲು ಹೊರಟದ್ದೇ ತಡ, ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. "ನಮ್ ಮಿಲ್ಲಿಂದು ಕಣ್ರಪ್ಪಾ ಈ ಸದ್ದು" ಎಂದು ಮಾವ ಬಂದವರಿಗೆಲ್ಲ ಹೇಳಿದ. ಅವನು ನನಗೆ ನಾಲ್ಕು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ, "ಲೇ, ಆ ಕ್ಯಾಸೆಟ್ಟು ನಂಗೂ ಒಂದ್ ಕೊಡ್ಲಾ" ಅಂದ. ನಾನು ಜೇಬಿನಲ್ಲಿದ್ದದ್ದನ್ನೇ ತೆಗೆದು ಕೊಟ್ಟೆ.

"ಇದಲ್ಲ ಕಣ್ಲಾ. ಬರೀ ಎಂಜಿನ್ ಸದ್ದು ನಂಗ್ಯಾಕೆ? ಆ ಹೆಣ್‌ಮಕ್ಳು ಬಂದು, ಬೇಗ ಹಾಕಣ್ಣ ಅಂದ್ರಲ್ಲ, ಅದಿರೋ ಕ್ಯಾಸೆಟ್ಟು."

ಅವರ ಮಾತನ್ನೆಲ್ಲ ಗಲಾಟೆ ಎಂದು ಬಿಟ್ಟು ಒಳ್ಳೆಯ ಭಾಗವನ್ನಷ್ಟೇ ಈ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದೆ. ಮಿಲ್ಲಿನಲ್ಲಿ ರೆಕಾರ್ಡ್ ಮಾಡಿದ ಮೊದಲಿನ ಕ್ಯಾಸೆಟ್ಟಿನ ಮೇಲೆ ಸಿನಿಮಾ ಹಾಡು ತುಂಬಿಸಿದ್ದೆ.

"ಅಳಿಸಿಬಿಟ್ಟೆ ಮಾವ."

"ಓ" ಅಂದ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು, "ಅವ್ರೇ ಕಣ್ಲಾ ನನ್ ಕೊನೇ ಗಿರಾಕಿಗಳು" ಎಂದು ಹೇಳಿ ಒಳಗೆ ಹೋದ.